ಚಾಕೊಲೇಟ್ ಕೇಕ್ ಜೊತೆ ಚಾಕೊಲೇಟ್ ಸ್ಟೌಟ್ ಯಾಕೆ ಕಹಿಯಾಯಿತು?

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಬೆಂಗಳೂರಿನಲ್ಲಿ ಕೆಲಸ. ಹೋದ ತಿಂಗಳು ಹೆಂಡತಿ ಜೊತೆ ಇಲ್ಲಿನ ಒಂದು ಮೈಕ್ರೊಬ್ರೂವರಿಗೆ ಹೋಗಿದ್ದೆ. ಮೆನುವಿನಲ್ಲಿ ಚಾಕೊಲೇಟ್ ಸ್ಟೌಟ್ ಅಂತ ಒಂದು ಕಪ್ಪು ಬಿಯರ್ ಇತ್ತು. ಚಾಕೊಲೇಟ್‌ಗೆ ಚಾಕೊಲೇಟೇ ಸರಿ ಅಂದುಕೊಂಡು ಜೊತೆಗೆ ಬಿಸಿ ಚಾಕೊಲೇಟ್ ಕೇಕ್, ಮೇಲೆ ಐಸ್‌ಕ್ರೀಮ್ ಹೇಳಿದೆವು. ಮೊದಲ ಗುಟುಕು ಚೆನ್ನಾಗೇ ಇತ್ತು. ಕೇಕ್ ತಿಂದ ಮೇಲೆ ಕುಡಿದರೆ ಬೂದಿ ನೀರು ಕುಡಿದ ಹಾಗಾಯಿತು. ಕಹಿ, ಜೊತೆಗೆ ಸ್ವಲ್ಪ ಹುಳಿ. ಬಿಯರ್ ಕೆಟ್ಟಿತ್ತಾ? ಅದರಲ್ಲಿ ನಿಜವಾಗಿ ಚಾಕೊಲೇಟ್ ಇರುತ್ತಾ?

ಈಗ ಲಂಡನ್‌ನಿಂದ ಬಂದ ಭಾವ ಮೂರು ಬಾಟಲಿ ತಂದಿದ್ದಾರೆ. ಯಂಗ್ಸ್ ಡಬಲ್ ಚಾಕೊಲೇಟ್, ಬ್ರೂಕ್ಲಿನ್ ಬ್ಲ್ಯಾಕ್ ಚಾಕೊಲೇಟ್, ಇನ್ನೊಂದು ಮಿಲ್ಕ್ ಸ್ಟೌಟ್. ಯಂಗ್ಸ್ ಬಾಟಲಿಯ ಬೆಸ್ಟ್ ಬಿಫೋರ್ ದಿನಾಂಕ ಮುಗಿದು ಎರಡು ತಿಂಗಳಾಗಿದೆ. ಮಿಲ್ಕ್ ಸ್ಟೌಟ್‌ನ ತಳದಲ್ಲಿ ಗಸಿ ಕಾಣುತ್ತಿದೆ. ಕಪ್ಪು ಬಿಯರ್‌ನಲ್ಲಿ ಐರನ್ ಇದೆ, ಮೈಗೆ ಒಳ್ಳೇದು ಅನ್ನುತ್ತಾರೆ ಭಾವ. ಕಪ್ಪಗಿದ್ದಷ್ಟೂ ಸ್ಟ್ರಾಂಗು, ಹುಷಾರು ಅನ್ನುತ್ತಾನೆ ಗೆಳೆಯ. ಅತ್ತಿಗೆಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ. ಶನಿವಾರ ಮನೆಯಲ್ಲಿ ಆರು ಜನ ಸೇರುತ್ತೇವೆ, ಅದರಲ್ಲಿ ಇಬ್ಬರು ಸಸ್ಯಾಹಾರಿಗಳು. ತಿನ್ನಲು ಏನಿಡಬೇಕು, ಹೇಗೆ ಕುಡಿಯಬೇಕು, ಹೇಳಿ.

ಉತ್ತರ: ನಿಮ್ಮ ಬಿಯರ್ ಬಹುಶಃ ಕೆಟ್ಟಿರಲಿಲ್ಲ. ಕೆಡಿಸಿದ್ದು ಕೇಕು. ಮೊದಲ ಗುಟುಕು ಚೆನ್ನಾಗಿತ್ತು, ಕೇಕ್ ಆದ ಮೇಲೆ ಹಾಳಾಯಿತು ಅಂತ ನೀವೇ ಬರೆದಿದ್ದೀರಿ. ನಿಜವಾಗಿ ಕೆಟ್ಟ ಬಿಯರ್ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಎಷ್ಟೋ ಸಲ ಅದಕ್ಕೂ ಮೊದಲು ಮೂಗಿಗೇ ಗೊತ್ತಾಗುತ್ತದೆ.

ಮದುವೆ ಮನೆಯಲ್ಲಿ ಜಾಮೂನು ತಿಂದ ಬಾಯಲ್ಲಿ ಕಾಫಿ ಕುಡಿದು 'ಇದಕ್ಕೆ ಸಕ್ಕರೆ ಹಾಕಿಲ್ವಾ?' ಅಂತ ಕೇಳಿರುತ್ತೀರಿ. ಕಾಫಿಗೆ ಸಕ್ಕರೆ ಇದ್ದೇ ಇರುತ್ತದೆ. ಆದರೆ ನಾಲಿಗೆ ಜಾಮೂನಿನ ಸಿಹಿಗೆ ಹೊಂದಿಕೊಂಡು ಕೂತಿರುತ್ತದೆ, ಅದಕ್ಕಿಂತ ಕಡಿಮೆ ಸಿಹಿ ಅದಕ್ಕೆ ಕಾಣುವುದೇ ಇಲ್ಲ. ಸಿಹಿ ಮರೆಯಾದ ಕೂಡಲೇ ಅದರ ಹಿಂದಿದ್ದ ಕಹಿ, ಹುಳಿ ಎರಡೂ ಎದ್ದು ನಿಲ್ಲುತ್ತವೆ. ನಿಮ್ಮ ಟೇಬಲ್ ಮೇಲೆ ಆಗಿದ್ದೂ ಇದೇ. ಬಿಸಿ ಕೇಕ್, ಸಾಸ್, ಮೇಲೆ ಐಸ್‌ಕ್ರೀಮ್ ಅಂದರೆ ಮೂರು ಪದರ ಸಕ್ಕರೆ. ಸಾಮಾನ್ಯ ಸ್ಟೌಟ್‌ನಲ್ಲಿ ಉಳಿದಿರುವ ಸಿಹಿ ಅದರ ಮುಂದೆ ನಿಲ್ಲುವುದಿಲ್ಲ. ಜೊತೆಗಿಡುವ ತಿಂಡಿ ಬಿಯರ್‌ಗಿಂತ ಸಿಹಿ ಇರಬಾರದು. ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು.

ಈಗ 'ಚಾಕೊಲೇಟ್' ಅನ್ನುವ ಹೆಸರಿಗೆ ಬರುತ್ತೇನೆ. ಜನರನ್ನು ದಾರಿ ತಪ್ಪಿಸುವುದು ಅದೇ. ಹೆಚ್ಚಿನ ಚಾಕೊಲೇಟ್ ಸ್ಟೌಟ್‌ಗಳಲ್ಲಿ ಆ ರುಚಿ ಬರುವುದು ಚಾಕೊಲೇಟ್ ಮಾಲ್ಟ್‌ನಿಂದ. ಅದು ಬಾರ್ಲಿ. ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಆಮೇಲೆ ಡ್ರಮ್ಮಿನಲ್ಲಿ 200 ಡಿಗ್ರಿ ಸೆಲ್ಸಿಯಸ್ ದಾಟುವ ತನಕ ಹುರಿದ ಕಾಳು. ಕೊಕ್ಕೋ ಬೀಜದ ಬಣ್ಣ ಬರುತ್ತದೆ ಅಂತ ಆ ಹೆಸರು, ಅದಕ್ಕೆ ಚಾಕೊಲೇಟ್ ಸೋಕಿರುವುದೂ ಇಲ್ಲ. ಹೀಗೆ ಡ್ರಮ್ಮಿನಲ್ಲಿ ತಿರುಗಿಸಿ ಹುರಿಯುವ ಯಂತ್ರಕ್ಕೆ ಇಂಗ್ಲೆಂಡಿನ ಡೇನಿಯಲ್ ವೀಲರ್ 1817ರಲ್ಲಿ ಪೇಟೆಂಟ್ ಪಡೆದ. ಬಿಯರ್‌ಗೆ ಇಷ್ಟು ಗಾಢ ಕಪ್ಪು ಸುಲಭವಾಗಿ ಸಿಕ್ಕಿದ್ದು ಆಮೇಲೆ.

ಮನೆಯಲ್ಲಿ ರಾಗಿ ಹುರಿಹಿಟ್ಟು ಮಾಡುವಾಗ ಬಾಣಲೆ ಹತ್ತಿರ ನಿಂತಿದ್ದೀರಾ? ಮೊದಲು ಹಸಿ ವಾಸನೆ ಹೋಗುತ್ತದೆ. ಆಮೇಲೆ ಬಿಸ್ಕತ್ತಿನ ಪರಿಮಳ. ರಾಗಿ ಚಟಪಟ ಅರಳುವ ಹೊತ್ತಿಗೆ ಕಾಫಿ ಪುಡಿಯ ಹತ್ತಿರದ ಒಂದು ಘಮ ಏಳುತ್ತದೆ. ಒಂದು ನಿಮಿಷ ಮೈಮರೆತರೆ ಸೀದು ಬೂದಿ ವಾಸನೆ. ಬಾರ್ಲಿ, ಕಾಫಿ, ಕೊಕ್ಕೋ ಮೂರೂ ಇದೇ ದಾರಿಯಲ್ಲಿ ಹೋಗುತ್ತವೆ. ಹುರಿಯುವಾಗ ಹುಟ್ಟುವ ಪೈರಜಿನ್ ಎಂಬ ಪರಿಮಳದ ಅಂಶಗಳು ಮೂರರಲ್ಲೂ ಇವೆ. ಹಾಗಾಗಿ ಬರೀ ಬಾರ್ಲಿ ಬಿಯರ್ ಕುಡಿದರೂ ನಿಮ್ಮ ಮೂಗು 'ಚಾಕೊಲೇಟ್' ಅನ್ನುತ್ತದೆ, ಅದು ಸುಳ್ಳಲ್ಲ. ಆದರೆ ಇದು ಸಿಹಿತಿಂಡಿಯ ಚಾಕೊಲೇಟ್ ಅಲ್ಲ, ಹುರಿದ ಕಾಳಿನ ಚಾಕೊಲೇಟ್. ಸಕ್ಕರೆ ಹಾಕದ ಡಿಕಾಕ್ಷನ್‌ನ ತಮ್ಮ ಅಂದುಕೊಳ್ಳಿ. ಅದರ ಜೊತೆ ಏನು ತಿನ್ನಬೇಕು ಅನ್ನುವ ಲೆಕ್ಕಾಚಾರ ಅಲ್ಲಿಂದಲೇ ಶುರುವಾಗಬೇಕು.

ನಿಮ್ಮ ಭಾವ ತಂದ ಬಾಟಲಿಗಳಲ್ಲೇ ಇದಕ್ಕೆ ಒಳ್ಳೆಯ ಪಾಠ ಇದೆ. ಬ್ರೂಕ್ಲಿನ್ ಬ್ಲ್ಯಾಕ್ ಚಾಕೊಲೇಟ್ ಸ್ಟೌಟ್ ಅನ್ನು ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರ್ ಮೊದಲು ಮಾಡಿದ್ದು 1994ರಲ್ಲಿ. ಹೆಸರಲ್ಲಿ ಚಾಕೊಲೇಟ್ ಇದ್ದರೂ ಅದರಲ್ಲಿ ಒಂದು ಚೂರೂ ಚಾಕೊಲೇಟ್ ಹಾಕುವುದಿಲ್ಲ, ಎಲ್ಲ ಮಾಲ್ಟಿನದೇ ಕೆಲಸ. ಯಂಗ್ಸ್ ಡಬಲ್ ಚಾಕೊಲೇಟ್‌ನಲ್ಲಿ ಚಾಕೊಲೇಟ್ ಮಾಲ್ಟ್ ಜೊತೆಗೆ ನಿಜವಾದ ಡಾರ್ಕ್ ಚಾಕೊಲೇಟ್ ಕೂಡ ಇದೆ, ಡಬಲ್ ಅನ್ನುವುದು ಅದಕ್ಕೇ. ಎರಡನ್ನೂ ಅಕ್ಕಪಕ್ಕ ಇಟ್ಟು ಮೂಸಿ ನೋಡಿ. ಯಾವುದರಲ್ಲಿ ಚಾಕೊಲೇಟ್ ಇದೆ ಅಂತ ಹೇಳದೆ ಮನೆಯವರ ಕೈಗೆ ಕೊಡಿ. ನಾನು ಎಷ್ಟೋ ಸಲ ಹೀಗೆ ಕೊಟ್ಟಿದ್ದೇನೆ, ತಪ್ಪು ಹೇಳುವವರೇ ಜಾಸ್ತಿ.

ನಿಜವಾದ ಕೊಕ್ಕೋ ಹಾಕುವುದು ನಾವು ಅಂದುಕೊಂಡಷ್ಟು ಸುಲಭವಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೊಕ್ಕೋ ಗಿಡ ಎಲ್ಲರಿಗೂ ಗೊತ್ತು. ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದಿದ್ದೂ ಅದೇ ಬೆಳೆಯನ್ನು ನಂಬಿ. ನಮ್ಮ ನೆಲದ ಕೊಕ್ಕೋ ನಮ್ಮ ಬಿಯರ್‌ಗೆ ಬರಲಿ ಅಂತ ನನಗೆ ತುಂಬಾ ಆಸೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಬ್ರೂವರಿಯಲ್ಲಿ ಹುರಿದು ಒಡೆದ ಕೊಕ್ಕೋ ಬೀಜವನ್ನು ಬಟ್ಟೆ ಚೀಲದಲ್ಲಿ ಕಟ್ಟಿ, ಹುದುಗು ಮುಗಿದ ಬಿಯರ್‌ನ ಟ್ಯಾಂಕಿಗೆ ಇಳಿಬಿಟ್ಟೆವು. ಪರಿಮಳ ಅದ್ಭುತವಾಗಿ ಬಂತು. ಆದರೆ ಗ್ಲಾಸಿಗೆ ಸುರಿದರೆ ನೊರೆ ಅರ್ಧ ನಿಮಿಷ ನಿಲ್ಲಲಿಲ್ಲ. ಕೊಕ್ಕೋ ಬೀಜದಲ್ಲಿ ಹೆಚ್ಚೂ ಕಮ್ಮಿ ಅರ್ಧದಷ್ಟು ಕೊಬ್ಬು, ಕೊಬ್ಬು ಬಂದರೆ ನೊರೆ ಸಾಯುತ್ತದೆ. ಪ್ರಮಾಣ ಇಳಿಸಿ, ಚೀಲವನ್ನು ಬೇಗ ಹೊರಗೆ ತೆಗೆದ ಮೇಲೆ ಮುಂದಿನ ಬ್ಯಾಚ್ ಸರಿಯಾಯಿತು.

ಹಾಗಾದರೆ ಹುಳಿ, ಬೂದಿ ರುಚಿ ಬರೀ ಕೇಕಿನ ತಪ್ಪಾ? ಪೂರ್ತಿ ಅಲ್ಲ. ಕೇಕ್ ಇಲ್ಲದಿದ್ದರೂ ಒಂದಿಷ್ಟು ಇರುತ್ತದೆ. ಹುರಿದ ಕಾಳಿಗೆ ಸ್ವಲ್ಪ ಹುಳಿ ಸಹಜ, ಕಪ್ಪು ಕಾಫಿಗೆ ಇರುವ ಹಾಗೆ. ಇದರಲ್ಲಿ ನೀರಿನ ಪಾತ್ರ ದೊಡ್ಡದು. ಲಂಡನ್, ಡಬ್ಲಿನ್ ನೀರಿನಲ್ಲಿ ಕ್ಷಾರ ಜಾಸ್ತಿ. ಅದು ಹುರಿದ ಕಾಳಿನ ಹುಳಿಯನ್ನು ತಗ್ಗಿಸುತ್ತದೆ, ಆ ಊರುಗಳಲ್ಲಿ ಕಪ್ಪು ಬಿಯರ್ ಚೆನ್ನಾಗಿ ಬಂದಿದ್ದಕ್ಕೆ ಅದೂ ಒಂದು ಕಾರಣ. ಇಲ್ಲಿ ಬೋರ್‌ವೆಲ್ ನೀರು ಗಡಸು ಅಂತ ಆರ್‌ಓ ಹಾಕಿ ಎಲ್ಲವನ್ನೂ ತೆಗೆಯುತ್ತೇವೆ. ಸ್ಟೌಟ್ ಮಾಡುವಾಗ ಬೇಕಾದ ಲವಣ ವಾಪಸ್ ಸೇರಿಸಬೇಕು. ಅದನ್ನು ಮಾಡದೆ ಬರೀ ಆರ್‌ಓ ನೀರಲ್ಲಿ ಮಾಡಿದರೆ ಹುಳಿ ಚೂಪಾಗಿ, ಸುಟ್ಟ ರುಚಿ ಒರಟಾಗಿ ಬರುತ್ತದೆ. ಇದು ಕೈಕೆಲಸದ ಕೊರತೆ. ಬಿಯರ್ ಕೆಟ್ಟಿದೆ ಅಂತ ಅರ್ಥವಲ್ಲ.

ಇನ್ನೊಂದು ಮಾತು. ಕನ್ನಡದಲ್ಲಿ ಕಹಿ ಬೇರೆ, ಒಗರು ಬೇರೆ. ಈ ಭೇದ ಬಿಯರ್ ರುಚಿ ನೋಡುವವರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಹಾಗಲಕಾಯಿಯದು ಕಹಿ. ನೇರಳೆಹಣ್ಣು ತಿಂದ ಮೇಲೆ ನಾಲಿಗೆ ಒಣಗಿ ಹಿಡಿದ ಹಾಗಾಗುತ್ತದಲ್ಲ, ಅದು ಒಗರು. ಸ್ಟೌಟ್ ಕಹಿ ಇರಬಹುದು, ಇರಬೇಕು ಕೂಡ. ಆದರೆ ಬಾಯಿ ಒಣಗಿಸುವಷ್ಟು ಒಗರಿದ್ದರೆ ಕಾಳನ್ನು ಅತಿ ನುಣ್ಣಗೆ ಒಡೆದಿದ್ದಾರೆ, ಇಲ್ಲವೇ ಅದನ್ನು ಅತಿ ಬಿಸಿ ನೀರಲ್ಲಿ ತೊಳೆದಿದ್ದಾರೆ ಅಂತ ನನಗೆ ಅನುಮಾನ ಬರುತ್ತದೆ.

ನಿಜವಾಗಿ ಕೆಟ್ಟಿದ್ದರೆ ಹೇಗೆ ಗೊತ್ತಾಗುತ್ತದೆ? ವಿನೆಗರ್ ವಾಸನೆ ಬಂದರೆ, ಹಳಸಿದ ಮಜ್ಜಿಗೆಯ ವಾಸನೆ ಬಂದರೆ ವಾಪಸ್ ಕೊಡಿ. ಪಾಪ್‌ಕಾರ್ನ್‌ಗೆ ಹಾಕುವ ಬೆಣ್ಣೆಯ ವಾಸನೆ ಜೋರಾಗಿ ಬಂದರೂ ಅಷ್ಟೇ. ಎಷ್ಟೋ ಸಲ ತಪ್ಪು ಟ್ಯಾಂಕಿನಲ್ಲಿರುವುದಿಲ್ಲ, ನಲ್ಲಿಯ ತನಕ ಬರುವ ಪೈಪಿನಲ್ಲಿರುತ್ತದೆ. ಎರಡು ವಾರಕ್ಕೊಮ್ಮೆ ಪೈಪ್ ತೊಳೆಯುವುದು ನಮ್ಮ ಕಸುಬಿನ ವಾಡಿಕೆ. ಮುಂದಿನ ಸಲ ಹೋದಾಗ ಪೂರ್ತಿ ಗ್ಲಾಸ್ ಹೇಳುವ ಮೊದಲು ಒಂದು ಗುಟುಕು ಸ್ಯಾಂಪಲ್ ಕೇಳಿ. ಒಳ್ಳೆಯ ಕಡೆ ಖುಷಿಯಿಂದ ಕೊಡುತ್ತಾರೆ. ಸಂಕೋಚ ಬೇಡ.

ಗೆಳೆಯರ ಮಾತಿಗೆ ಬರೋಣ. ಕಪ್ಪಗಿದ್ದಷ್ಟೂ ಸ್ಟ್ರಾಂಗ್ ಅನ್ನುವುದು ತಪ್ಪು. ನೂರು ಕಿಲೋ ಧಾನ್ಯದಲ್ಲಿ ಚಾಕೊಲೇಟ್ ಮಾಲ್ಟ್ ಸಾಮಾನ್ಯವಾಗಿ 5ರಿಂದ 10 ಕಿಲೋ, ಅಷ್ಟೇ. ಬಣ್ಣ ಪೂರ್ತಿ ಬದಲಾಗಲು ಅಷ್ಟು ಸಾಕು. ಆಲ್ಕೋಹಾಲ್ ಬರುವುದು ಉಳಿದ ತಿಳಿ ಬಣ್ಣದ ಮಾಲ್ಟಿನ ಸಕ್ಕರೆಯಿಂದ. ಐರ್ಲೆಂಡಿನ ಹೆಸರಾಂತ ಸ್ಟೌಟ್ ಗಿನ್ನೆಸ್ ಡ್ರಾಟ್ ಕಪ್ಪಗಿದ್ದರೂ ಆಲ್ಕೋಹಾಲ್ ಶೇ. 4.2. ನಮ್ಮಲ್ಲಿ ಹೊಂಬಣ್ಣದ ಸ್ಟ್ರಾಂಗ್ ಬಿಯರ್ ಶೇ. 8ರ ತನಕ ಹೋಗುತ್ತದೆ. ಆದರೆ ನಿಮ್ಮ ಗೆಳೆಯರ ಎಚ್ಚರಿಕೆ ಒಂದು ಬಾಟಲಿಯ ಮಟ್ಟಿಗೆ ಸರಿ. ಬ್ರೂಕ್ಲಿನ್ ಶೇ. 10 ಇದೆ. ಅದರ 330 ಮಿಲಿಯಲ್ಲಿ ಸುಮಾರು 26 ಗ್ರಾಂ ಆಲ್ಕೋಹಾಲ್, ಅಂದರೆ ಶೇ. 5ರ ಬಿಯರ್‌ನ ಅಷ್ಟೇ ಅಳತೆಯ ಎರಡು ಬಾಟಲಿಗೆ ಸಮ. ಬಣ್ಣ ನೋಡಬೇಡಿ, ಲೇಬಲ್ ನೋಡಿ.

ಐರನ್ ಮಾತು ನೂರು ವರ್ಷದಷ್ಟು ಹಳೆಯದು. ಗಿನ್ನೆಸ್ ಮೈಗೆ ಒಳ್ಳೇದು ಅನ್ನುವ ಜಾಹೀರಾತು ಬ್ರಿಟನ್‌ನಲ್ಲಿ ಶುರುವಾಗಿದ್ದು 1929ರಲ್ಲಿ. ಆ ಕಾಲದಲ್ಲಿ ಬಾಣಂತಿಯರಿಗೂ ಸ್ಟೌಟ್ ಕುಡಿಸುತ್ತಿದ್ದರು. ಒಂದು ಗ್ಲಾಸ್ ಸ್ಟೌಟ್‌ನಲ್ಲಿರುವ ಕಬ್ಬಿಣ ಲೆಕ್ಕಕ್ಕೆ ಬರುವಷ್ಟಿಲ್ಲ. ಒಂದು ಮುದ್ದೆ, ಸೊಪ್ಪಿನ ಸಾರು ಅದಕ್ಕಿಂತ ಎಷ್ಟೋ ಮೇಲು. ರಕ್ತ ಕಡಿಮೆ ಇದೆ ಅಂತಲೋ ಬಾಣಂತನ ಅಂತಲೋ ಯಾರಿಗೂ ಇದನ್ನು ಕೊಡಬೇಡಿ. ಈ ವಿಷಯದಲ್ಲಿ ಮಾತ್ರ ಭಾವನವರ ಮಾತು ಕೇಳಬೇಡಿ.

ಈಗ ಬಾಟಲಿಗಳು. ಯಂಗ್ಸ್ ದಿನಾಂಕ ಮುಗಿದಿದ್ದಕ್ಕೆ ಹೆದರುವ ಕಾರಣವಿಲ್ಲ. ಬೆಸ್ಟ್ ಬಿಫೋರ್ ಅನ್ನುವುದು ರುಚಿಯ ಗಡುವು, ವಿಷವಾಗುವ ಗಡುವಲ್ಲ. ಆಲ್ಕೋಹಾಲ್, ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು), ಹುಳಿ ಮೂರೂ ಇರುವ ಕಡೆ ರೋಗ ತರುವ ಕ್ರಿಮಿ ಬೆಳೆಯುವುದು ಕಷ್ಟ. ಆದರೆ ಶೇ. 5ರ ಆಸುಪಾಸಿನ ಸ್ಟೌಟ್ ವಯಸ್ಸಾದರೆ ಸಪ್ಪೆಯಾಗುತ್ತದೆ. ಒದ್ದೆ ರಟ್ಟಿನ ವಾಸನೆ, ಸೋಯಾ ಸಾಸ್ ರುಚಿ ಬರುತ್ತದೆ. ಎರಡು ತಿಂಗಳಿಗೆ ಅಷ್ಟಾಗಿರಲಿಕ್ಕಿಲ್ಲ. ಅಡುಗೆ ಮನೆಯ ಕಪಾಟಿನ ಮೇಲೆ ಬಿಸಿಗೆ ಇಟ್ಟಿದ್ದರೆ ಮಾತು ಬೇರೆ. ಮೊದಲು ತೆಗೆದು ಮೂಸಿ. ರಟ್ಟಿನ ವಾಸನೆ ಬಂದರೆ ಮಟನ್ ಬೇಯಿಸಲು ಹಾಕಿ. ಬ್ರೂಕ್ಲಿನ್‌ಗೆ ಈ ಅವಸರ ಇಲ್ಲ. ಅಷ್ಟು ಗಟ್ಟಿ ಸ್ಟೌಟ್ ತಂಪಾದ ಕತ್ತಲೆ ಜಾಗದಲ್ಲಿ ನೇರ ನಿಲ್ಲಿಸಿಟ್ಟರೆ ವರ್ಷಗಟ್ಟಲೆ ಮಾಗುತ್ತದೆ. ಇನ್ನೊಂದು ಸಂದರ್ಭಕ್ಕೆ ಉಳಿಸಬೇಕು ಅಂತಿದ್ದರೆ ಉಳಿಸಲು ಯೋಗ್ಯವಾದದ್ದು ಅದೊಂದೇ.

ಮಿಲ್ಕ್ ಸ್ಟೌಟ್‌ನ ತಳದ ಗಸಿ ಬಹುಶಃ ಯೀಸ್ಟ್. ಬಾಟಲಿಯಲ್ಲೇ ಕೊನೆಯ ಹುದುಗು ಬರಿಸುವ ಪದ್ಧತಿ ಇದೆ. ಹಿಂದಿನ ದಿನವೇ ನೇರ ನಿಲ್ಲಿಸಿ, ಅಲುಗಾಡಿಸದೆ ನಿಧಾನ ಬಗ್ಗಿಸಿ, ಕೊನೆಯ ಒಂದು ಬೆರಳಷ್ಟನ್ನು ಬಾಟಲಿಯಲ್ಲೇ ಬಿಡಿ.

ಅತ್ತಿಗೆಯವರ ವಿಷಯ ಸ್ವಲ್ಪ ಗಮನ ಇಟ್ಟು ಓದಿ. ಮಿಲ್ಕ್ ಸ್ಟೌಟ್‌ಗೆ ಹಾಕುವುದು ಲ್ಯಾಕ್ಟೋಸ್, ಹಾಲಿನ ಸಕ್ಕರೆ. ಬಿಯರ್ ಯೀಸ್ಟ್ ಅದನ್ನು ತಿನ್ನಲಾರದು. ಹಾಗಾಗಿ ಅದು ಪೂರ್ತಿ ಬಿಯರ್‌ನಲ್ಲೇ ಉಳಿದು ಮಂದವಾದ, ಹಿತವಾದ ಸಿಹಿ ಕೊಡುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದೂ ಅದೇ ಸಕ್ಕರೆಗೆ. ಅವರಿಗೆ ಲ್ಯಾಕ್ಟೋಸ್ ಜೀರ್ಣವಾಗದಿರುವುದಷ್ಟೇ ತೊಂದರೆ ಆಗಿದ್ದರೆ, ಕಾಫಿಗೆ ಬಿದ್ದ ಸ್ವಲ್ಪ ಹಾಲು ತಡೆಯುತ್ತದೆ ಅಂತಿದ್ದರೆ, ಎರಡು ಗುಟುಕಿಗೆ ಏನೂ ಆಗಲಿಕ್ಕಿಲ್ಲ. ಆದರೂ ನಿರ್ಧಾರ ಅವರದು, ಬಲವಂತ ಬೇಡ. ಹಾಲಿನ ಅಲರ್ಜಿ, ಅಂದರೆ ದದ್ದು, ಉಸಿರಾಟದ ತೊಂದರೆ ಬರುವಂಥದ್ದಾಗಿದ್ದರೆ ಒಂದು ಹನಿಯೂ ಬೇಡ. ಮಿಕ್ಕ ಎರಡು ಬಾಟಲಿಯ ಲೇಬಲ್ಲನ್ನೂ ಓದಿ. ಬ್ರಿಟನ್‌ನಲ್ಲಿ ಮಾರುವ ಬಿಯರ್‌ನಲ್ಲಿ ಹಾಲಿನ ಅಂಶ ಇದ್ದರೆ ಬರೆದಿರಲೇಬೇಕು.

ಶನಿವಾರಕ್ಕೆ ಬರೋಣ. ಮೂರು ಬಾಟಲಿಗೆ ಆರು ಜನ ಅಂದರೆ ಒಬ್ಬೊಬ್ಬರಿಗೆ ಒಂದು ಬಾಟಲಿಯಿಂದ 50ರಿಂದ 80 ಮಿಲಿ. ರುಚಿ ನೋಡಲು ಇದೇ ಸರಿಯಾದ ಅಳತೆ. ಆದರೆ ಗಾಡಿ ಓಡಿಸುವವರು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ, ಅವರಿಗೆ ಮೂಸಿ ನೋಡಲು ಮಾತ್ರ ಕೊಡಿ.

ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿಯಬೇಡಿ. 4 ಡಿಗ್ರಿಯಲ್ಲಿ ಸ್ಟೌಟ್ ಬಾಯಿ ಬಿಡುವುದಿಲ್ಲ, ಬರೀ ಕಹಿ ಕಾಣುತ್ತದೆ. ನೀವು ಕುಡಿದದ್ದೂ ಅತಿ ತಣ್ಣಗಿತ್ತೋ ಏನೋ. ಯಂಗ್ಸ್, ಮಿಲ್ಕ್ ಸ್ಟೌಟ್ ಎರಡನ್ನೂ ಕಾಲು ಗಂಟೆ ಮೊದಲು ಹೊರಗಿಡಿ. ಬ್ರೂಕ್ಲಿನ್ ಅನ್ನು ಅರ್ಧ ಗಂಟೆಗೂ ಸ್ವಲ್ಪ ಜಾಸ್ತಿ ಹೊತ್ತು ಬಿಟ್ಟರೆ 12 ಡಿಗ್ರಿ ಆಸುಪಾಸಿಗೆ ಬರುತ್ತದೆ. ವೈನ್ ಗ್ಲಾಸ್ ಇದ್ದರೆ ಒಳ್ಳೆಯದು, ಪರಿಮಳ ಒಳಗೇ ನಿಲ್ಲುತ್ತದೆ. ಗ್ಲಾಸಿಗೆ ಎಣ್ಣೆ ಜಿಡ್ಡು, ಸೋಪು ಅಂಟಿರಬಾರದು. ಬಿಸಿ ನೀರಲ್ಲಿ ಜಾಲಿಸಿ ಬೋರಲು ಹಾಕಿ. ಮೂರರಲ್ಲೊಂದು ಭಾಗ ಸುರಿದು, ಅಂಗೈಯಿಂದ ಬಾಯಿ ಮುಚ್ಚಿ ಒಮ್ಮೆ ತಿರುಗಿಸಿ, ಕೈ ತೆಗೆದ ಕ್ಷಣ ಮೂಸಿ. ಸಣ್ಣ ಗುಟುಕು ತೆಗೆದುಕೊಂಡು, ನುಂಗಿದ ಮೇಲೆ ಮೂಗಿನಿಂದ ಉಸಿರು ಬಿಡಿ. ಚಾಕೊಲೇಟ್ ಸಿಗುವುದು ಹೆಚ್ಚಾಗಿ ಆ ಉಸಿರಿನಲ್ಲಿ.

ಯಂಗ್ಸ್ ಮೊದಲು, ಮಿಲ್ಕ್ ಸ್ಟೌಟ್ ನಡುವೆ, ಬ್ರೂಕ್ಲಿನ್ ಕೊನೆಗೆ. ತಿರುಗಾಮುರುಗಾ ಮಾಡಿದರೆ ಬ್ರೂಕ್ಲಿನ್ ಆದ ಮೇಲೆ ಮಿಕ್ಕವು ನೀರು ಅನಿಸುತ್ತವೆ.

ತಿನ್ನಲು ನಿಮ್ಮ ಊರಿನ ಅಡುಗೆಯಷ್ಟು ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ. ಎಣ್ಣೆಗಾಯಿ ಮಾಡಿಸಿ. ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಚೂರು ಬೆಲ್ಲ, ಎಣ್ಣೆಯಲ್ಲಿ ಬಾಡಿದ ಬದನೆ. ಹುರಿದದ್ದಕ್ಕೆ ಹುರಿದದ್ದು ಜೋಡಿ, ಎಣ್ಣೆಯ ಜಿಡ್ಡನ್ನು ಬಿಯರ್‌ನ ಕಹಿ ಕತ್ತರಿಸುತ್ತದೆ. ಜೊತೆಗೆ ಖಡಕ್ ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ. ಯಂಗ್ಸ್ ಜೊತೆ ಇದಿಷ್ಟೇ ಇದ್ದರೂ ನನಗೆ ಸಾಕು. ಮಿರ್ಚಿ ಭಜಿ ಮಾತ್ರ ಬೇಡ. ಹುಬ್ಬಳ್ಳಿಯವರಿಗೆ ಹೀಗೆ ಹೇಳಲು ಬೇಜಾರೇ, ಆದರೆ ಆಲ್ಕೋಹಾಲ್, ಗ್ಯಾಸ್ ಎರಡೂ ಖಾರದ ಉರಿಯನ್ನು ಎಬ್ಬಿಸುತ್ತವೆ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ ಹಾಕಿ, ಅದಕ್ಕೆ ಉರಿ ಕಡಿಮೆ.

ಮಾಂಸ ತಿನ್ನುವವರಿಗೆ ಕೊಡಗಿನ ಪಂದಿ ಕರಿ ಸಿಕ್ಕರೆ ಬಿಡಬೇಡಿ. ಕಪ್ಪಗೆ ಹುರಿದ ಮಸಾಲೆ, ಹಂದಿಯ ಕೊಬ್ಬು, ಕಾಚಂಪುಳಿಯ ಹುಳಿ. ತಿನಿಸಿನಲ್ಲಿ ಹುಳಿ ಇದ್ದರೆ ಬಿಯರ್‌ನ ಹುಳಿ ಹಿಂದೆ ಸರಿಯುತ್ತದೆ. ಇಲ್ಲದಿದ್ದರೆ ಡ್ರೈ ಮಟನ್ ಸುಕ್ಕ. ಬ್ಯಾಡಗಿ ಹಾಕಿ ತುಪ್ಪದಲ್ಲಿ ಮಾಡಿದ ಘೀ ರೋಸ್ಟ್ ಮಿಲ್ಕ್ ಸ್ಟೌಟ್ ಜೊತೆ ಚೆನ್ನಾಗಿ ಹೋಗುತ್ತದೆ, ಅದರ ಸಿಹಿ ಖಾರವನ್ನು ಸ್ವಲ್ಪ ತಣಿಸುತ್ತದೆ. ಉಪ್ಪು ಕಹಿಯನ್ನು ತಗ್ಗಿಸುವ ಕಾರಣ ಏನಿಲ್ಲದಿದ್ದರೂ ಉಪ್ಪು ಹಾಕಿ ಹುರಿದ ಶೇಂಗಾ ಟೇಬಲ್ ಮೇಲೆ ಇರಲಿ. ಲಂಡನ್‌ನಲ್ಲಿ 19ನೇ ಶತಮಾನದ ಬಡವರು ಸ್ಟೌಟ್ ಜೊತೆ ಉಪ್ಪುಪ್ಪಾದ ಸಿಂಪಿ, ಅಂದರೆ ಆಯ್ಸ್ಟರ್, ತಿನ್ನುತ್ತಿದ್ದರು.

ಚಾಕೊಲೇಟೇ ಬೇಕು ಅಂದರೆ ಕೇಕ್ ಬಿಟ್ಟು ಬಾರ್ ತನ್ನಿ. ಕೊಕ್ಕೋ ಶೇ. 70 ದಾಟಿದ್ದು ಬೇಡ, ಕಹಿ ಮೇಲೆ ಕಹಿ ಬೀಳುತ್ತದೆ. ಶೇ. 50–60ರದ್ದು, ಉಪ್ಪಿನ ಹರಳೋ ಗೋಡಂಬಿಯೋ ಇರುವುದು ಒಳ್ಳೆಯದು.

ಬ್ರೂಕ್ಲಿನ್‌ಗೆ ಧಾರವಾಡ ಪೇಡೆ ಇಡಿ. ಹಾಲನ್ನು ಕಂದು ಬಣ್ಣ ಬರುವ ತನಕ ಬತ್ತಿಸಿ ಮಾಡುವ ಪೇಡೆಯಲ್ಲೂ ಹುರಿದ ಮಾಲ್ಟಿನಲ್ಲೂ ನಡೆದಿರುವುದು ಒಂದೇ ಬಗೆಯ ಅಡುಗೆ. ಪೇಡೆ ಸಿಹಿಯೇ, ಆದರೆ ಮೂರರಲ್ಲಿ ಅದನ್ನು ತಡೆದುಕೊಳ್ಳುವಷ್ಟು ಸಿಹಿ, ಗಟ್ಟಿತನ ಇರುವುದು ಬ್ರೂಕ್ಲಿನ್‌ಗೆ ಮಾತ್ರ. ಮೇಲಿನ ಸಕ್ಕರೆ ಪುಡಿ ಕೊಡವಿ, ಕಾಲು ಭಾಗ ಮುರಿದು, ಅರ್ಧ ಅಗಿದಿರುವಾಗಲೇ ಒಂದು ಗುಟುಕು ತೆಗೆದುಕೊಳ್ಳಿ. ಮರಳುಮರಳಾದ ಪೇಡೆ ಬಿಯರ್‌ನಲ್ಲಿ ಕರಗುವಾಗ ಕೆನೆ ಹಾಕಿದ ಕಾಫಿಯ ರುಚಿ ಬರುತ್ತದೆ. ಅತ್ತಿಗೆಗೆ ಪೇಡೆಯ ಹಾಲೂ ಆಗದು. ಅವರ ತಟ್ಟೆಗೆ ಗೋಕಾಕದ ಕರದಂಟು ಹಾಕಿ. ಅದರಲ್ಲಿ ತುಪ್ಪ ಇರುತ್ತದೆ, ಹಾಲಿನ ಅಲರ್ಜಿ ಆಗಿದ್ದರೆ ಅದೂ ಬೇಡ.